ಆಷಾಢದ ಗಾಳಿಗೆ ಒಂದು ಮೀಟರ್ ರೆಕ್ಕೆ

ಬುಧವಾರ, ಮೈಸೂರು

ರಾತ್ರಿ ಹನ್ನೊಂದು ಗಂಟೆಗೆ ರೆಕ್ಕೆಯ ಅಂಚಿಗೆ ಕೊನೆಯ ಟೇಪ್ ಅಂಟಿಸಿದೆವು. ಹೊರಗೆ ಗಾಳಿ ತೆಂಗಿನ ಗರಿಗಳನ್ನು ಗೋಡೆಗೆ ಬಡಿಯುತ್ತಿತ್ತು. ಆಷಾಢ ಬಂತೆಂದರೆ ನಮ್ಮ ಕಡೆ ಈ ಗಾಳಿ ತಪ್ಪಿದ್ದಲ್ಲ. ಮುಂಗಾರಿನ ಮಳೆಯಲ್ಲಿ ಹೆಚ್ಚಿನ ಪಾಲನ್ನು ಕೊಡಗು, ಪಶ್ಚಿಮ ಘಟ್ಟಗಳೇ ಹಿಡಿದಿಟ್ಟುಕೊಳ್ಳುತ್ತವೆ. ಘಟ್ಟ ದಾಟಿ ಮೈಸೂರು, ಮಂಡ್ಯಕ್ಕೆ ಬರುವುದು ಮೋಡ, ತುಂತುರು, ಮತ್ತೆ ಬೇಕಾದಷ್ಟು ಗಾಳಿ. ಮಕ್ಕಳು ಗಾಳಿಪಟ ಹಾರಿಸುವುದೂ ಇದೇ ಕಾಲದಲ್ಲಿ. ನಾವು ಕಟ್ಟಿದ್ದು ದಾರ ಇಲ್ಲದ ಪಟ.

ಅದೊಂದು ಪುಟ್ಟ ಗ್ಲೈಡರ್. ಮೋಟಾರ್ ಇಲ್ಲ, ಪ್ರೊಪೆಲ್ಲರ್ ಇಲ್ಲ. ಬೆಟ್ಟದ ಇಳಿಜಾರಿಗೆ ಬಡಿದ ಗಾಳಿ ಮೇಲಕ್ಕೆ ಏರುತ್ತದಲ್ಲ, ಆ ಏರುಗಾಳಿಯಲ್ಲೇ ಅದು ತೇಲಬೇಕು. ನಾವು ಇಳಿಜಾರಿನ ನೆತ್ತಿಯಲ್ಲಿ ನಿಂತು ರೇಡಿಯೋ ರಿಮೋಟಿನಿಂದ ಅದನ್ನು ಅತ್ತಿಂದಿತ್ತ ತಿರುಗಿಸುತ್ತಿರಬೇಕು. ಎಂಟನೇ ಕ್ಲಾಸಿನ ಮಗಳಿಗೆ ಎರಡು ದಿನ ರಜೆ ಕೇಳಿ ಪತ್ರ ಬರೆದಿದ್ದೆ. ನಾಲ್ಕು ದಿನ ಪಾಂಡವಪುರದ ಹತ್ತಿರ ಭಾವನ ಊರಿನಲ್ಲಿದ್ದು ಇದನ್ನು ಹಾರಿಸಿಯೇ ಬರಬೇಕು ಅಂತ ತೀರ್ಮಾನ.

ಕಟ್ಟಲು ಮೂರು ವಾರ ಹಿಡಿಯಿತು. ರೆಕ್ಕೆ ಒಂದು ಮೀಟರ್ ಉದ್ದ, 18 ಸೆಂಟಿಮೀಟರ್ ಅಗಲ. 5 ಮಿಲಿಮೀಟರ್ ದಪ್ಪದ ಫೋಮ್ ಬೋರ್ಡು. ಅದರ ಮೇಲೆ ಮುಂದಿನ ಅಂಚಿನಿಂದ ಅರ್ಧ ಅಗಲದವರೆಗೆ ಇನ್ನೊಂದು ಪದರ ಅಂಟಿಸಿದ್ದೇವೆ. ಹಾಗಾಗಿ ರೆಕ್ಕೆಯ ಬೆನ್ನ ಮೇಲೆ ಒಂದು ಮೆಟ್ಟಿಲು ಬಂದಿದೆ. ಕ್ಲೈನ್ ಮತ್ತು ಫೋಗಲ್‌ಮನ್ ಎಂಬ ಅಮೆರಿಕದ ಇಬ್ಬರು 1970ರ ದಶಕದಲ್ಲಿ ಪೇಟೆಂಟ್ ಪಡೆದ ಆಕಾರದ ಕುಟುಂಬಕ್ಕೆ ಸೇರಿದ್ದು ಇದು. ಅದರ ಮೂಲ ಒಂದು ಕಾಗದದ ವಿಮಾನ. ಚಾಕು, ಸ್ಕೇಲು, ಅಂಟು ಇದ್ದರೆ ಮನೆಯಲ್ಲೇ ಮಾಡಬಹುದು. ನಿಧಾನಕ್ಕೆ ಹಾರುವಾಗಲೂ ತಟ್ಟನೆ ಕೈಕೊಡುವುದಿಲ್ಲ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ರೆಕ್ಕೆ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಫೋಮ್ ಒಂದೇ ಆದರೆ ಗಾಳಿಗೆ ಮಡಚಿಹೋಗುತ್ತದೆ. ಬೆನ್ನೆಲುಬು ಬೇಕು. ಕಾರ್ಬನ್ ಕಡ್ಡಿ ತರಿಸುವ ಬದಲು ಬಂಬೂ ಬಜಾರಿಗೆ ಹೋದೆವು. ಅಲ್ಲಿ ಬುಟ್ಟಿ ಹೆಣೆಯುತ್ತಿದ್ದ ಮೇದರ ಹಿರಿಯರೊಬ್ಬರಿಗೆ ರೆಕ್ಕೆಯ ಚಿತ್ರ ತೋರಿಸಿದೆ. ಅವರು ಒಂದು ಗಣ್ಣಿನಿಂದ ಇನ್ನೊಂದು ಗಣ್ಣಿಗೆ ಬೆರಳಾಡಿಸಿ ಒಂದು ಬಿದಿರು ಆರಿಸಿದರು. ಕತ್ತಿಯಿಂದ ಸೀಳಿ, ಒಳಗಿನ ಬಿಳಿ ತಿರುಳನ್ನು ಎರಡು ಮೂರು ಎಳೆತಕ್ಕೆ ಹೆರೆದು ತೆಗೆದರು. ಹೊರಗಿನ ಹಸಿರು ಸಿಪ್ಪೆಯನ್ನು ಮಾತ್ರ ಮುಟ್ಟಲಿಲ್ಲ. “ಸಿಪ್ಪೆ ಕೆರೀಬೇಡಿ, ಗಟ್ಟಿ ಇರೋದೇ ಅಲ್ಲಿ” ಅಂದರು. ಬಿದಿರಿನ ನಾರು ಒತ್ತೊತ್ತಾಗಿರುವುದು ಹೊರಗಡೆಯೇ. ಆ ಪಟ್ಟಿಯನ್ನು ಮಗಳು ಎರಡು ಕೈಯಲ್ಲಿ ಹಿಡಿದು ಬಿಲ್ಲಿನ ಹಾಗೆ ಬಗ್ಗಿಸಿದಳು. ಬಿಟ್ಟ ತಕ್ಷಣ ಅದು ನೆಟ್ಟಗಾಯಿತು. ಸಿಪ್ಪೆ ಹೊರಮುಖವಾಗಿರುವಂತೆ ರೆಕ್ಕೆಯ ಮೇಲೊಂದು, ಕೆಳಗೊಂದು ಪಟ್ಟಿ ಕೂರಿಸಿದೆವು.

ಉಳಿದದ್ದು ಬೇಗ ಆಯಿತು. ಬಾಲದಲ್ಲಿ ಮೂಗನ್ನು ಮೇಲೆ ಕೆಳಗೆ ಮಾಡುವ ಎಲಿವೇಟರಿಗೆ ಒಂದು, ಪಕ್ಕಕ್ಕೆ ತಿರುಗಿಸುವ ರಡ್ಡರಿಗೆ ಒಂದು, 9 ಗ್ರಾಂನ ಎರಡು ಸರ್ವೋ, ಅಂದರೆ ರಿಮೋಟ್ ಹೇಳಿದಂತೆ ಇವನ್ನು ಆಡಿಸುವ ಪುಟ್ಟ ಯಂತ್ರ. ಮೂಗಿನಲ್ಲಿ ರಿಸೀವರು, ರೀಚಾರ್ಜ್ ಆಗುವ ನಾಲ್ಕು ಸಣ್ಣ ಸೆಲ್ಲು, ಒಟ್ಟು 4.8 ವೋಲ್ಟು. ಫೋಮ್ ಬೋರ್ಡಿನ ಕಾಗದ ತುಂತುರಿಗೆ ನೆನೆದು ಏಳುತ್ತದೆ, ಅದಕ್ಕೇ ಪೂರ್ತಿ ಪ್ಯಾಕಿಂಗ್ ಟೇಪ್ ಹೊದಿಸಿದ್ದು. ತಕ್ಕಡಿಗಿಟ್ಟರೆ 280 ಗ್ರಾಂ.

ಮನೆಯ ತಾರಸಿಯಿಂದಲೇ ಚಾಮುಂಡಿ ಬೆಟ್ಟ ಕಾಣುತ್ತದೆ. ಅಲ್ಲೇ ಯಾಕೆ ಹಾರಿಸಬಾರದು ಅಂತ ಎಲ್ಲರೂ ಕೇಳಿದರು. ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ ಬೆಟ್ಟ ತೀರಾ ಹತ್ತಿರ. 2021ರ ಡ್ರೋನ್ ನಿಯಮಗಳ ಪ್ರಕಾರ ನಿಲ್ದಾಣಕ್ಕೆ ಇಷ್ಟು ಹತ್ತಿರ ಅನುಮತಿ ಇಲ್ಲದೆ ಹಾರಿಸುವ ಹಾಗಿಲ್ಲ. ಅದೂ ಅಲ್ಲದೆ ಆಷಾಢ ಶುಕ್ರವಾರಗಳಲ್ಲಿ ಬೆಟ್ಟದ ತುಂಬ ಜನ. ಜನರ ತಲೆಯ ಮೇಲೆ ಇದನ್ನು ಹಾರಿಸಲೇಬಾರದು. ಹಗುರ ಇದ್ದರೂ ಮೂಗು ಮುಂದಾಗಿ ಬಂದರೆ ಕಣ್ಣಿಗೆ ಕುತ್ತು.

ಗುರುವಾರ, ಶ್ರೀರಂಗಪಟ್ಟಣ

ಬೆಳಗಿನ ರೈಲು. ರೆಕ್ಕೆಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಮಗಳು ಮಡಿಲಲ್ಲಿ ಮಲಗಿಸಿಕೊಂಡಿದ್ದಳು. ಶ್ರೀರಂಗಪಟ್ಟಣದಲ್ಲಿ ಇಳಿಯುವಾಗ ಟಿಪ್ಪುವಿನ ಕಾಲದ ಮದ್ದಿನ ಮನೆಯನ್ನು ಅವಳಿಗೆ ತೋರಿಸಿದೆ. ಜೋಡಿ ಹಳಿ ಹಾಕಲು ಅಡ್ಡ ಬಂತೆಂದು 2017ರಲ್ಲಿ ಅದನ್ನು ಒಡೆಯದೆ ಇಡಿಯಾಗಿ ಪಕ್ಕಕ್ಕೆ ಸರಿಸಿದ್ದಾರೆ. ಕಬ್ಬಿಣದ ಕೊಳವೆಗೆ ಮದ್ದು ತುಂಬಿ ರಾಕೆಟ್ ಹಾರಿಸಿದ ಊರು ಇದು. ಹಾರುವ ವಸ್ತು ಹಿಡಿದುಕೊಂಡು ಇಲ್ಲಿ ಇಳಿಯುವಾಗ ಮನಸ್ಸಿಗೆ ಏನೋ ಹಿತ.

ಭಾವ ವ್ಯಾನು ತಂದಿದ್ದರು. ಊರಿಗೆ ಹೋಗುವ ಮೊದಲು ಕರಿಘಟ್ಟ ಹತ್ತಿದೆವು. ಹಾರಿಸಲು ಅಲ್ಲ, ಗಾಳಿ ನೋಡಲು. ಮೇಲೆ ಕಪ್ಪು ಶಿಲೆಯ ಶ್ರೀನಿವಾಸನ ಗುಡಿ. ಕೈಮುಗಿದು ಗುಡಿಯ ಆಚೆ ಬಂದರೆ ಕೆಳಗೆ ಲೋಕಪಾವನಿ ಹೋಗಿ ಕಾವೇರಿಗೆ ಸೇರುವುದು ಕಾಣುತ್ತದೆ. ದೂರದಲ್ಲಿ ಚಾಮುಂಡಿ ಬೆಟ್ಟದ ಗೆರೆ. ಪಶ್ಚಿಮದಿಂದ ಗಾಳಿ ಮುಖಕ್ಕೆ ರಾಚುತ್ತಿತ್ತು.

ಅಲ್ಲಿ ಒಂದು ಗರುಡ ಇತ್ತು. ಬಿಳಿ ಕತ್ತು, ಕಂದು ಮೈ. ಇಳಿಜಾರಿನ ಮುಂದೆ, ನಮ್ಮ ಕಣ್ಣಿನ ಮಟ್ಟದಲ್ಲೇ, ರೆಕ್ಕೆ ಬಡಿಯದೆ ನಿಂತುಬಿಟ್ಟಿತ್ತು. ಹಾರುತ್ತಿದೆ, ಆದರೆ ಮುಂದೆ ಹೋಗುತ್ತಿಲ್ಲ. ಅದರ ವೇಗವೂ ಎದುರು ಗಾಳಿಯ ವೇಗವೂ ಸಮ ಆಗಿದ್ದವು. ಜೋರಾದ ಒಂದು ಅಲೆ ಬಂದಾಗ ಅದು ರೆಕ್ಕೆಗಳನ್ನು ಅರ್ಧ ಮಡಚಿಕೊಂಡಿತು. ಅಲೆ ಇಳಿದ ಮೇಲೆ ಮತ್ತೆ ಬಿಚ್ಚಿತು. “ಅಪ್ಪ, ಗಾಳಿ ಜಾಸ್ತಿ ಆದಾಗ ರೆಕ್ಕೆ ಚಿಕ್ಕದು ಮಾಡ್ಕೊಳ್ತಿದೆ ನೋಡು” ಅಂದಳು ಮಗಳು. ನಾನು ಎಷ್ಟೋ ಹದ್ದು, ಗರುಡ ನೋಡಿದ್ದೇನೆ, ಇದನ್ನು ಗಮನಿಸಿರಲಿಲ್ಲ. ಹತ್ತು ನಿಮಿಷ ಅಲ್ಲೇ ಕೂತೆವು.

ಸಂಜೆ ಭಾವನ ಊರಿನ ಕೆರೆ ಏರಿಯ ಮೇಲೆ ಮೊದಲ ಪರೀಕ್ಷೆ. ಏರಿ ಎರಡು ಆಳು ಎತ್ತರ ಇರಬಹುದು, ಕೆಳಗೆ ಹುಲ್ಲು. ಗಾಳಿಗೆ ಎದುರಾಗಿ, ನೆಲಕ್ಕೆ ಸಮನಾಗಿ ಕೈಬಿಡಬೇಕು. ಎಸೆಯಬಾರದು, ತಳ್ಳಿ ಬಿಡಬೇಕು. ಮೊದಲ ಸಲ ಮೂಗು ಎತ್ತಿತು, ಗಾಳಿಯಲ್ಲಿ ನಿಂತಿತು, ತಲೆಕೆಳಗಾಗಿ ಹುಲ್ಲಿಗೆ ಬಿತ್ತು. ಹಿಂಭಾರ. ರೆಕ್ಕೆಯ ಮುಂದಿನ ಅಂಚಿನಿಂದ ಐದೂವರೆ ಸೆಂಟಿಮೀಟರ್ ಹಿಂದೆ ಬೆರಳಿಟ್ಟರೆ ವಿಮಾನ ಸಮ ನಿಲ್ಲಬೇಕಿತ್ತು. ನಮ್ಮದು ಆರೂಕಾಲರಲ್ಲಿ ನಿಲ್ಲುತ್ತಿತ್ತು. ಸೆಲ್ಲುಗಳನ್ನು ಮುಂದೆ ದಬ್ಬಿದೆವು, ಅದೂ ಸಾಲದೆ ಮೂಗಿಗೆ ಒಂದು ಗಾಳದ ಸೀಸ ಕಟ್ಟಿದೆವು. ಶ್ರೀರಂಗಪಟ್ಟಣದಲ್ಲಿ ಬಲೆ, ಗಾಳ ಮಾರುವ ಅಂಗಡಿಯಲ್ಲಿ ಒಂದು ಹಿಡಿ ಸೀಸ ತಂದಿದ್ದೆವು, ಒಳ್ಳೆಯದೇ ಆಯಿತು. ಎಂಟನೇ ಸಲ ಗ್ಲೈಡರ್ ನೆಟ್ಟಗೆ, ತಣ್ಣಗೆ ಇಳಿದು ಹುಲ್ಲಿನ ಮೇಲೆ ಜಾರಿ ನಿಂತಿತು. ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಹುಡುಗ ಶಿಳ್ಳೆ ಹೊಡೆದ.

ಶುಕ್ರವಾರ, ಕುಂತಿ ಬೆಟ್ಟ

ಈ ದಿನ ಕೆಟ್ಟಿತು. ಕುಂತಿ ಬೆಟ್ಟ ನೋಡಲು ಬಲು ಚೆಂದ. ಪಾಂಡವರು ಕುಂತಿಯ ಜೊತೆ ವನವಾಸದಲ್ಲಿ ಇಲ್ಲಿದ್ದರು ಅಂತ ನಂಬಿಕೆ. ಹೈದರ್, ಟಿಪ್ಪುವಿನ ಫ್ರೆಂಚ್ ಸೈನಿಕರು ತಂಗಿದ್ದರಿಂದ ಪಾಂಡವಪುರಕ್ಕೆ ಬ್ರಿಟಿಷರ ಕಾಲದಲ್ಲಿ ಫ್ರೆಂಚ್ ರಾಕ್ಸ್ ಎಂಬ ಹೆಸರೇ ಇತ್ತು. ಮೇಲೆ ನಿಂತರೆ ಒಂದು ಕಡೆ ತೊಣ್ಣೂರು ಕೆರೆ, ಉಳಿದ ಕಡೆ ಕಬ್ಬು, ತೆಂಗು, ಗದ್ದೆ. ಆದರೆ ಗ್ಲೈಡರಿಗೆ ಇದು ಆಗುವ ಜಾಗ ಅಲ್ಲ. ಮನೆಯಷ್ಟು ದೊಡ್ಡ ಬಂಡೆಗಳು ಒಂದರ ಮೇಲೊಂದು ಕೂತಿವೆ. ಗಾಳಿ ಅವುಗಳ ಸಂದಿಯಲ್ಲಿ ನುಗ್ಗಿ, ತಿರುಚಿಕೊಂಡು, ಚೂರುಚೂರಾಗಿ ಹೊರಬರುತ್ತದೆ. ಹೊಳೆಯಲ್ಲಿ ಕಲ್ಲಿನ ಹಿಂದೆ ನೀರು ಸುಳಿಯುವ ಹಾಗೆ.

ಇದು ಗೊತ್ತಿದ್ದೂ, ಯಾರೂ ಇಲ್ಲದ ಒಂದು ತಗ್ಗಿನ ಭುಜ ಸಿಕ್ಕಿತೆಂದು ಒಂದೇ ಒಂದು ಸಲ ಬಿಡೋಣ ಅಂದೆ. ಬಿಟ್ಟೆ. ಮೂರು ಸೆಕೆಂಡು ಸಲೀಸಾಗಿ ಹೋಯಿತು. ಆಮೇಲೆ ಎಡ ರೆಕ್ಕೆಯನ್ನು ಯಾರೋ ಕೆಳಗಿನಿಂದ ಗುದ್ದಿದ ಹಾಗೆ ಪೂರ್ತಿ ವಾಲಿತು. ರಡ್ಡರನ್ನು ಕೊನೆಯವರೆಗೂ ಒತ್ತಿದೆ. ವಿಮಾನ ಯೋಚನೆ ಮಾಡುತ್ತಾ ನಿಂತಂತೆ ಇತ್ತು, ಉತ್ತರ ಕೊಡುವಷ್ಟರಲ್ಲಿ ಬಂಡೆಗೆ ಬಡಿಯಿತು. ರೆಕ್ಕೆ ನಡುವಿನ ಬೆಸುಗೆಯಲ್ಲಿ ಎರಡು ತುಂಡು. ಬಿದಿರು ಮಾತ್ರ ಮುರಿದಿರಲಿಲ್ಲ, ಅಂಟು ಬಿಟ್ಟಿತ್ತು.

ಮಗಳು ಮಾತಾಡದೆ ತುಂಡುಗಳನ್ನು ಎತ್ತಿಕೊಂಡು ಇಳಿದಳು. ಮಧ್ಯಾಹ್ನ ಅಕ್ಕ ಬಡಿಸಿದ ಬಿಸಿ ಮುದ್ದೆ, ಉಪ್ಸಾರು ತಿನ್ನುವಾಗಲೂ ನನ್ನ ತಲೆ ಆ ಮೂರನೇ ಸೆಕೆಂಡಿನಲ್ಲೇ ಇತ್ತು.

ರಡ್ಡರಿನಿಂದ ತಿರುಗುವ ವಿಮಾನಕ್ಕೆ ರೆಕ್ಕೆಗಳು ವಿ ಆಕಾರದಲ್ಲಿ ಮೇಲಕ್ಕೆ ಎದ್ದಿರಬೇಕು. ನಮ್ಮದರಲ್ಲಿ ಒಂದೊಂದು ತುದಿಯೂ 6 ಸೆಂಟಿಮೀಟರ್ ಎದ್ದಿತ್ತು. ರಡ್ಡರ್ ಮೊದಲು ಮೂಗನ್ನು ಪಕ್ಕಕ್ಕೆ ತಿರುಗಿಸುತ್ತದೆ. ಆಗ ಒಂದು ರೆಕ್ಕೆಗೆ ಗಾಳಿ ಜಾಸ್ತಿ ಸಿಕ್ಕಿ ಅದು ಏಳುತ್ತದೆ, ಆಮೇಲೆ ವಿಮಾನ ವಾಲುತ್ತದೆ. ತಣ್ಣನೆಯ ಗಾಳಿಯಲ್ಲಿ ಇದು ಸೊಗಸು. ಆಷಾಢದ ಗಾಳಿ ಅಷ್ಟು ಹೊತ್ತು ಕಾಯುವುದಿಲ್ಲ. ಅದಕ್ಕೆ ರೆಕ್ಕೆಯಲ್ಲೇ ಅಲುಗುವ ಅಂಚು ಬೇಕು, ಐಲೆರಾನ್ ಬೇಕು. ಹೇಗೂ ರೆಕ್ಕೆ ಮುರಿದಿದೆ. ಜೋಡಿಸುವಾಗಲೇ ಬದಲಾಯಿಸೋಣ ಅಂದೆ. ಮಗಳ ಮುಖ ಆಗ ಅರಳಿತು.

ರಾತ್ರಿ ಜಗಲಿಯ ಮೇಲೆ ಚಾಪೆ ಹಾಸಿ ಕೂತೆವು. ರೆಕ್ಕೆಯ ಹಿಂದಿನ ಅಂಚಿನಲ್ಲಿ 4 ಸೆಂಟಿಮೀಟರ್ ಅಗಲ, 35 ಸೆಂಟಿಮೀಟರ್ ಉದ್ದದ ಪಟ್ಟಿಯನ್ನು ಎರಡೂ ಕಡೆ ಕೊಯ್ದೆವು. ಕೊಯ್ದ ಅಂಚನ್ನು ಓರೆಯಾಗಿ ಹೆರೆಯಬೇಕು, ಇಲ್ಲದಿದ್ದರೆ ಪಟ್ಟಿ ಕೆಳಗೆ ಮಡಚುವುದಿಲ್ಲ. ಟೇಪನ್ನೇ ಬಾಗಿಲ ಕೀಲಿನಂತೆ ಅಂಟಿಸಿದೆವು. ರಡ್ಡರನ್ನು ಅಂಟು ಹಾಕಿ ಕೂರಿಸಿ, ಅದರ ಸರ್ವೋ ಬಿಚ್ಚಿ ಒಂದು ರೆಕ್ಕೆಗೆ ಕೊಟ್ಟೆವು. ಇನ್ನೊಂದು ರೆಕ್ಕೆಗೆ ಡಬ್ಬಿಯಲ್ಲಿದ್ದ ಹೆಚ್ಚುವರಿ ಸರ್ವೋ. ತುದಿಗಳ ಏರು 6ರಿಂದ 2 ಸೆಂಟಿಮೀಟರಿಗೆ ಇಳಿಯಿತು. ನಡುವಿನ ಬೆಸುಗೆಗೆ ಎಪಾಕ್ಸಿ, ಅದರ ಮೇಲೆ ನೂಲಿರುವ ಟೇಪು ಎರಡು ಸುತ್ತು.

ಇನ್ನೊಂದು ಸಣ್ಣ ವಿಷಯ. ಎರಡೂ ಐಲೆರಾನ್ ಸಮನಾಗಿ ಮೇಲೆ ಕೆಳಗೆ ಹೋಗಬಾರದು. ಮೇಲೆ 12 ಮಿಲಿಮೀಟರ್ ಹೋದರೆ ಕೆಳಗೆ 6 ಸಾಕು. ಕೆಳಗೆ ಇಳಿದ ಅಂಚು ಗಾಳಿಯನ್ನು ಜಾಸ್ತಿ ತಡೆಯುತ್ತದೆ, ಮೂಗನ್ನು ನಮಗೆ ಬೇಡದ ಕಡೆ ಎಳೆಯುತ್ತದೆ. ರಿಮೋಟಿನಲ್ಲಿ ಅದನ್ನು ಹೊಂದಿಸಿ, ಸ್ಕೇಲು ಹಿಡಿದು ಅಳೆದೆವು. ಕೊನೆಗೆ ಮಗಳು ವಿಮಾನದ ಹಿಂದೆ ನಿಂತು ಕೂಗಿದಳು: “ಬಲಕ್ಕೆ ಅಂದ್ರೆ ಬಲದ್ದು ಮೇಲೆ. ಸರಿ. ಎಡಕ್ಕೆ ಅಂದ್ರೆ ಎಡದ್ದು ಮೇಲೆ. ಸರಿ.” ಪ್ರತಿ ಸಲ ಬಿಡುವ ಮೊದಲೂ ಇದನ್ನು ಬಾಯಿಬಿಟ್ಟು ಹೇಳಲೇಬೇಕು ಅಂತ ಮಾಡಿಕೊಂಡೆವು. ಭಾರ 305 ಗ್ರಾಂ ಆಯಿತು. ಮೂಗಿನ ಸೀಸ, ಹೆಚ್ಚುವರಿ ಸರ್ವೋ, ಬಿಡಿ ತಂತಿ, ಅಂಟು, ಟೇಪು ಎಲ್ಲ ಸೇರಿ ಹೆಚ್ಚಿದ್ದು 25 ಗ್ರಾಂ.

ಶನಿವಾರ, ಊರ ಹಿಂದಿನ ದಿಬ್ಬ

ಬೆಳಿಗ್ಗೆ ಮೇಲುಕೋಟೆಗೆ ಹೋಗಿ ಚೆಲುವನಾರಾಯಣನ ದರ್ಶನ ಮಾಡಿ ಬಂದೆವು. ಗ್ಲೈಡರನ್ನು ಮನೆಯಲ್ಲೇ ಬಿಟ್ಟಿದ್ದೆ. ಅಲ್ಲಿನ ಕಾಡು ತೋಳಗಳಿಗಾಗಿ ಮೀಸಲಿಟ್ಟ ವನ್ಯಧಾಮ, ಅಲ್ಲಿ ಇದನ್ನೆಲ್ಲ ಹಾರಿಸಬಾರದು.

ಸರಿಯಾದ ಜಾಗ ಭಾವನ ಊರಿನ ಹಿಂದೆಯೇ ಇತ್ತು. ಒಂದು ಬೋಳು ದಿಬ್ಬ. ಎತ್ತರ ಹತ್ತು ಹನ್ನೆರಡು ಆಳು ಇರಬಹುದು. ಪಶ್ಚಿಮಕ್ಕೆ ನುಣುಪಾದ ಇಳಿಜಾರು, ಹುಲ್ಲು ಬಿಟ್ಟರೆ ಏನೂ ಇಲ್ಲ. ಅದರ ಮುಂದೆ ಅರ್ಧ ಮೈಲಿ ಬಯಲು, ಗಾಳಿಗೆ ಅಡ್ಡಿಯೇ ಇಲ್ಲ. ಹಿಂದೆ, ಪೂರ್ವಕ್ಕೆ, ಆಳೆತ್ತರ ಮೀರಿದ ಕಬ್ಬು. ಜಮೀನಿನ ಅಜ್ಜನನ್ನು ಭಾವ ಮೊದಲೇ ಕೇಳಿದ್ದರು.

ಮಗಳಿಗೆ ಲೆಕ್ಕ ಹೇಳಿದೆ. ಗಂಟೆಗೆ 20 ಕಿಲೋಮೀಟರ್ ಗಾಳಿ ಅಂದರೆ ಸೆಕೆಂಡಿಗೆ ಐದೂವರೆ ಮೀಟರ್. ಈ ಇಳಿಜಾರು ಸುಮಾರು 15 ಡಿಗ್ರಿ. ಇಳಿಜಾರನ್ನೇ ಹಿಡಿದು ಏರುವ ಗಾಳಿ ಸೆಕೆಂಡಿಗೆ ಹತ್ತಿರಹತ್ತಿರ ಒಂದೂವರೆ ಮೀಟರಿನಷ್ಟು ಮೇಲೆ ಹೋಗುತ್ತದೆ. ನಮ್ಮ ಗ್ಲೈಡರ್ ಯಾವಾಗಲೂ ಇಳಿಯುತ್ತಲೇ ಇರುತ್ತದೆ, ಸೆಕೆಂಡಿಗೆ ಮುಕ್ಕಾಲು ಮೀಟರಿನ ಆಸುಪಾಸು. ಗಾಳಿ ಏರುವುದು ಜಾಸ್ತಿ, ನಾವು ಇಳಿಯುವುದು ಕಮ್ಮಿ. ಉಳಿದದ್ದೇ ಲಾಭ. “ಹಾಗಾದ್ರೆ ಎಸ್ಕಲೇಟರಿನಲ್ಲಿ ಕೆಳಗೆ ಇಳೀತಾ ಮೇಲೆ ಹೋಗೋದು” ಅಂದಳು. ಅದೇ.

ನಾಲ್ಕು ಗಂಟೆಗೆ ಬಿಟ್ಟೆ. ಕೈಯಿಂದ ಹೊರಟ ಗ್ಲೈಡರ್ ಒಂದು ಚೂರು ತಗ್ಗಿ, ಗಾಳಿಯ ಅಂಚು ಸಿಕ್ಕ ತಕ್ಷಣ ಮೇಲೆದ್ದಿತು. ಯಾರೋ ಅಂಗೈ ಮೇಲೆ ಇಟ್ಟು ಎತ್ತಿದ ಹಾಗೆ. ನಮ್ಮ ತಲೆಗಿಂತ ಎತ್ತರ, ಆಮೇಲೆ ಇನ್ನೂ ಎತ್ತರ. ಬಲಕ್ಕೆ ಒತ್ತಿದರೆ ಆ ಕ್ಷಣವೇ ಬಲಕ್ಕೆ ವಾಲಿತು. ನನ್ನ ಬೆರಳಿಗೂ ಅದಕ್ಕೂ ನಡುವೆ ಏನೂ ಇಲ್ಲ ಅನ್ನಿಸಿತು. ಮೋಟಾರ್ ಇಲ್ಲದ್ದರಿಂದ ಸದ್ದಿಲ್ಲ. ಹತ್ತಿರ ಹಾದುಹೋದಾಗ ಅಂಚಿನ ಟೇಪು ಸುಯ್ ಅನ್ನುವುದು ಮಾತ್ರ ಕೇಳುತ್ತಿತ್ತು. ನನ್ನ ಕೈ ನಡುಗುತ್ತಿತ್ತು, ಗಂಟಲು ಕಟ್ಟಿತ್ತು. ಮಗಳು “ಅಪ್ಪ, ಅಪ್ಪ” ಅಂತ ಎರಡೇ ಮಾತು.

ಇಳಿಜಾರಿನ ಉದ್ದಕ್ಕೆ ಎಂಟರ ಆಕಾರದಲ್ಲಿ ಓಡಾಡಿಸಬೇಕು. ಪ್ರತಿ ತಿರುವೂ ಗಾಳಿಯ ಕಡೆಗೆ, ಬೆಟ್ಟದಿಂದ ಆಚೆಗೆ. ನಾಲ್ಕು ನಿಮಿಷ, ಆರು ನಿಮಿಷದ ಹಾರಾಟಗಳು ಆದವು. ಮಗಳ ಕೈಗೂ ರಿಮೋಟ್ ಕೊಟ್ಟೆ. ಅವಳು ನನಗಿಂತ ಮೆತ್ತಗೆ ಒತ್ತುತ್ತಾಳೆ, ವಿಮಾನ ಕಮ್ಮಿ ಎತ್ತರ ಕಳೆದುಕೊಳ್ಳುತ್ತದೆ.

ಐದೂಮುಕ್ಕಾಲಿಗೆ ಗಾಳಿ ಒಮ್ಮೆಲೇ ಏರಿತು. ರಿಮೋಟ್ ನನ್ನ ಕೈಯಲ್ಲಿತ್ತು. ಗ್ಲೈಡರ್ ಮುಂದಕ್ಕೆ ಹೋಗಲಾರದೆ ನಿಂತಿತು, ಆಮೇಲೆ ಮುಖ ಮುಂದೆ ಇಟ್ಟುಕೊಂಡೇ ಹಿಂದಕ್ಕೆ ಬರತೊಡಗಿತು. ಗಾಬರಿಯಲ್ಲಿ ತಿರುಗಿಸಿದೆ, ಅದೂ ತಪ್ಪು ಕಡೆಗೆ. ಗಾಳಿ ಬೆನ್ನಿಗೆ ಬಂತು. ಒಂದೇ ಉಸಿರಿಗೆ ನಮ್ಮ ತಲೆಯ ಮೇಲಿಂದ ದಿಬ್ಬದ ಹಿಂದಕ್ಕೆ ಹೋಗಿ, ಉರುಳಿ, ಕಬ್ಬಿನೊಳಗೆ ಮಾಯವಾಯಿತು.

ಕಬ್ಬಿನ ಗದ್ದೆಯೊಳಗೆ ಹೋದವರಿಗೇ ಗೊತ್ತು ಅದು ಏನೆಂದು. ಎರಡು ಸಾಲು ದಾಟಿದರೆ ದಿಕ್ಕೇ ತಿಳಿಯುವುದಿಲ್ಲ. ಗರಿಗಳ ಅಂಚು ಕೈ, ಕತ್ತು ಎಲ್ಲ ಕೊಯ್ಯುತ್ತದೆ. ವಿಮಾನ ಹೋದ ವೇಗ ನೋಡಿ ನೂರೈವತ್ತು ಮೀಟರ್ ಆಚೆಗೇ ಬಿದ್ದಿರಬೇಕು ಅಂತ ಅಲ್ಲೇ ಕತ್ತಲಾಗುವವರೆಗೆ ಹುಡುಕಿದೆವು. ಸಿಗಲಿಲ್ಲ. ರಿಮೋಟ್ ಆಡಿಸಿದರೆ ಸರ್ವೋ ಕಿರ್ ಅನ್ನುತ್ತದೆ, ಆ ಸದ್ದಿನಿಂದ ಹುಡುಕಬಹುದು. ಆದರೆ ಗರಿಗಳ ಸದ್ದಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ.

ಎಂಟೂವರೆಗೆ ಅಜ್ಜ ಟಾರ್ಚು, ಕೋಲು ಹಿಡಿದು ಬಂದರು. “ಎಲ್ಲಿ ಹುಡುಕುದ್ರಿ?” ಅಂದರು. ತೋರಿಸಿದೆ. ತಲೆ ಅಲ್ಲಾಡಿಸಿದರು. ಈ ದಿಬ್ಬದ ನೆತ್ತಿಯೇ ಹಿಂದೆ ಅವರ ಕಣ. ರಾಗಿ, ಹುರುಳಿ ತೂರುತ್ತಿದ್ದದ್ದು ಇಲ್ಲೇ. “ಹೊಟ್ಟು ದೂರ ಹೋಗಾಕಿಲ್ಲ. ದಿಬ್ಬ ದಾಟುದ್ ಗಾಳಿ ಕೆಳಕ್ ಬಿದ್ದು ಸುತ್ಕೊಂಡು ವಾಪಸ್ ಬತ್ತದೆ. ನಮ್ ಹೊಟ್ಟೆಲ್ಲ ಬುಡದಲ್ಲೇ ಬೀಳೋದು.” ಪುಸ್ತಕದಲ್ಲಿ ರೋಟರ್ ಅಂತ ಓದಿದ್ದೆ, ಬೆಟ್ಟದ ಬೆನ್ನಿಗೆ ಸುಳಿಯುವ ಗಾಳಿ. ಓದಿದ್ದು ಆ ಹೊತ್ತಿಗೆ ನೆನಪಾಗಿರಲಿಲ್ಲ. ಅಜ್ಜನಿಗೆ ಅದು ಅರವತ್ತು ಸುಗ್ಗಿಯ ಕಣ್ಣಳತೆ.

ಗಾಳಿಯೂ ಅಷ್ಟೊತ್ತಿಗೆ ತಗ್ಗಿತ್ತು. ಅಜ್ಜ ಮುಂದೆ ಕೋಲು ಬಡಿಯುತ್ತಾ, ನಾವು ಹಿಂದೆ. ದಿಬ್ಬದ ಬುಡದಿಂದ ಹತ್ತನೇ ಸಾಲಿನಲ್ಲಿ ನಿಂತು ಮಗಳು ರಿಮೋಟ್ ಹಾಕಿ ಅದರ ಕಡ್ಡಿಗಳನ್ನು ಆಡಿಸಿದಳು. ಎಲ್ಲರೂ ಉಸಿರು ಹಿಡಿದೆವು. ಎಡಗಡೆ, ಹತ್ತಿರದಲ್ಲೇ, ಕಿರ್... ಕಿರ್. ನೆಲಕ್ಕೆ ಬಿದ್ದೂ ಇರಲಿಲ್ಲ. ನಾಲ್ಕು ಜಲ್ಲೆಗಳ ನಡುವೆ ಮಲಗಿಸಿದ ಹಾಗೆ ಸಿಕ್ಕಿಕೊಂಡಿತ್ತು. ಎಡ ರೆಕ್ಕೆಯ ಟೇಪನ್ನು ಒಂದು ಗರಿ ಗೇಣುದ್ದ ಕೊಯ್ದಿತ್ತು, ಅಷ್ಟೇ.

ಭಾನುವಾರ, ಅದೇ ದಿಬ್ಬ

ರಾತ್ರಿ ಮಲಗುವ ಮೊದಲು ಮಗಳು ಕೇಳಿದಳು: “ಗರುಡ ಏನು ಮಾಡ್ತು ನೆನಪಿದ್ಯಾ?” ನೆನಪಿತ್ತು. ಗಾಳಿ ಜಾಸ್ತಿಯಾದಾಗ ಅದು ರೆಕ್ಕೆ ಮಡಚಿತು. ಅಷ್ಟೇ ಭಾರವನ್ನು ಚಿಕ್ಕ ರೆಕ್ಕೆಯ ಮೇಲೆ ಹೊತ್ತರೆ ವೇಗ ಹೆಚ್ಚುತ್ತದೆ, ಎದುರು ಗಾಳಿಯನ್ನು ಸೀಳಿ ಮುಂದೆ ಹೋಗಬಹುದು. ನಾವು ರೆಕ್ಕೆ ಮಡಚಲಾರೆವು. ಭಾರ ಹೆಚ್ಚಿಸಬಹುದು, ಎರಡೂ ಒಂದೇ.

ಬೆಳಿಗ್ಗೆ ಉಳಿದ ಗಾಳದ ಸೀಸವನ್ನೆಲ್ಲ ತೂಗಿದೆವು, 90 ಗ್ರಾಂ. ಸಮತೂಕದ ಜಾಗ ಒಂದಿಷ್ಟೂ ಕದಲಬಾರದು, ಅದಕ್ಕೆ ಸರಿಯಾಗಿ ಐದೂವರೆ ಸೆಂಟಿಮೀಟರಿನ ಗೆರೆಯ ಮೇಲೆಯೇ, ರೆಕ್ಕೆಯ ಕೆಳಗೆ, ಹೊಟ್ಟೆಯಲ್ಲಿ ಒಂದು ಗೂಡು ಕೊರೆದೆವು. ಸೀಸ ಬೇಕಾದಾಗ ಹಾಕಬಹುದು, ಬೇಡದಾಗ ತೆಗೆಯಬಹುದು. ಭಾರ 305ರಿಂದ 395ಕ್ಕೆ ಹೋಯಿತು. ವೇಗ ಭಾರದ ವರ್ಗಮೂಲದಂತೆ ಏರುತ್ತದೆ, ಅಂದರೆ ನೂರಕ್ಕೆ ಹದಿನಾಲ್ಕರಷ್ಟು. ಕೇಳಲು ಕಮ್ಮಿ ಅನ್ನಿಸುತ್ತದೆ. ಹಿಂದಕ್ಕೆ ಬರುವುದಕ್ಕೂ ಮುಂದಕ್ಕೆ ಹೋಗುವುದಕ್ಕೂ ಇರುವ ವ್ಯತ್ಯಾಸ ಅಷ್ಟೇ.

ಎತ್ತರಕ್ಕೆ ಹೋದ ಮೇಲೆ ಇನ್ನೊಂದು ಪರೀಕ್ಷೆ ಮಾಡಿದೆವು. ಮೂಗು ಕೆಳಗೆ ಮಾಡಿ ಧುಮುಕಿಸಿ, ಕಡ್ಡಿ ಬಿಟ್ಟುಬಿಡುವುದು. ತಾನಾಗೇ ಗಕ್ಕನೆ ಎದ್ದರೆ ಮುಂಭಾರ ಜಾಸ್ತಿ. ಇನ್ನೂ ಕೆಳಗೆ ಮುಗ್ಗರಿಸಿದರೆ ಹಿಂಭಾರ. ನಮ್ಮದು ನಿಧಾನವಾಗಿ, ದೊಡ್ಡ ಕಮಾನು ಹಾಕಿ ಮೇಲೆದ್ದಿತು. ಅಲ್ಲಿಗೆ ಸಮತೂಕದ ಚಿಂತೆ ಮುಗಿಯಿತು.

ಇವತ್ತು ಒಂದು ಗುರಿ ಇತ್ತು. 1911ರ ಅಕ್ಟೋಬರಿನಲ್ಲಿ ಆರ್ವಿಲ್ ರೈಟ್ ಅಮೆರಿಕದ ಕಡಲ ತೀರದ ಮರಳುದಿಬ್ಬದ ಮೇಲೆ, ಎಂಜಿನ್ ಇಲ್ಲದ ಗ್ಲೈಡರಿನಲ್ಲಿ ತಾನೇ ಕೂತು, ಜೋರು ಗಾಳಿಯಲ್ಲಿ 9 ನಿಮಿಷ 45 ಸೆಕೆಂಡು ತೇಲಿದ್ದ. ಹತ್ತು ವರ್ಷ ಅದನ್ನು ಯಾರೂ ಮೀರಲಿಲ್ಲ. ದಿಬ್ಬ, ಗಾಳಿ, ರೆಕ್ಕೆ, ನಮ್ಮಲ್ಲಿರುವುದೂ ಅವೇ. ಆ 9 ನಿಮಿಷ 45 ಸೆಕೆಂಡನ್ನು ಮಗಳು ಹಿಂದಿನ ದಿನವೇ ಅಂಗೈ ಮೇಲೆ ಬರೆದುಕೊಂಡಿದ್ದಳು.

ಮೂರು ಗಂಟೆಗೆ ಅಜ್ಜ ದಿಬ್ಬ ಹತ್ತಿ ಬಂದರು. ಸ್ವಲ್ಪ ಹೊತ್ತು ನೋಡಿ, “ಕೊಡಿ ಇಲ್ಲಿ, ನಾ ಬಿಡ್ತೀನಿ” ಅಂದರು. ಹಿಡಿಯುವುದು ಹೇಗೆ ಅಂತ ತೋರಿಸಿದೆ. ಎಡ ಐಲೆರಾನ್, ಬಲ ಐಲೆರಾನ್, ಮಗಳು ಕೂಗಿದಳು, ಸರಿ ಇತ್ತು. ರಿಮೋಟ್ ಅವಳ ಕೈಯಲ್ಲಿ.

ಅಜ್ಜ ತಕ್ಷಣ ಬಿಡಲಿಲ್ಲ. ಕಾಲು ಅಗಲಿಸಿ ನಿಂತು, ಗ್ಲೈಡರನ್ನು ಕಿವಿಯ ಪಕ್ಕಕ್ಕೆ ಎತ್ತಿ ಹಿಡಿದು, ಕಣ್ಣನ್ನು ಕೆಳಗಿನ ಹುಲ್ಲಿನ ಮೇಲೆ ಇಟ್ಟಿದ್ದರು. ಒಂದು ಅಲೆ ಬಂತು, ಬಿಡಲಿಲ್ಲ. ಗಾಳಿ ಸತ್ತಿತು, ಆಗಲೂ ಬಿಡಲಿಲ್ಲ. ಮತ್ತೆ ಬಯಲಿನ ಆಚೆ ಕೊನೆಯಿಂದ ಹುಲ್ಲು ಬಾಗುತ್ತಾ ಬಂತು. ಅದು ಇಳಿಜಾರಿನ ಬುಡ ಮುಟ್ಟುವ ಹೊತ್ತಿಗೆ ಸರಿಯಾಗಿ, ಮೊರದಿಂದ ಕಾಳು ಬಿಡುವ ಹಾಗೆ, ಕೈಯನ್ನು ಮುಂದಕ್ಕೆ ಹರಿಸಿ ಬಿಟ್ಟರು. ಗ್ಲೈಡರ್ ಒಂದು ಗೇಣೂ ತಗ್ಗಲಿಲ್ಲ. ಬಿಟ್ಟ ಎತ್ತರದಿಂದಲೇ ಏರಿಹೋಯಿತು. ನನ್ನ ಮೂವತ್ತು ಸಲದ ಎಸೆತದಲ್ಲಿ ಒಂದೂ ಹಾಗೆ ಆಗಿರಲಿಲ್ಲ.

ಗಾಳಿ ನಿನ್ನೆಯಷ್ಟೇ ಜೋರಿತ್ತು. ಸೀಸ ಹೊತ್ತ ಗ್ಲೈಡರ್ ಅದನ್ನು ಸೀಳಿಕೊಂಡು ಬಯಲಿನ ಮೇಲಕ್ಕೆ ಹೋಗಿ, ತಿರುಗಿ, ಇಳಿಜಾರಿನ ಉದ್ದಕ್ಕೂ ಸುಯ್ಯೆಂದು ಬಂತು. ನಾನು ಗಡಿಯಾರ ಹಿಡಿದಿದ್ದೆ. ಐದು ನಿಮಿಷ. ಎಂಟು. ಒಂದು ಹದ್ದು ಎಲ್ಲಿಂದಲೋ ಬಂದು ನಮ್ಮದರ ಮೇಲೆಯೇ ಎರಡು ಸುತ್ತು ಹೊಡೆದು ಹೋಯಿತು. ಮಗಳು ಅದಕ್ಕೆ ದಾರಿ ಬಿಟ್ಟು ಈಚೆ ಬಂದಳು. “ಒಂಬತ್ತು ನಲವತ್ತೈದು” ಅಂತ ನಾನು ಕೂಗಿದೆ. ಅವಳು ತಲೆ ಅಲ್ಲಾಡಿಸಿದಳು, ಕಣ್ಣು ಕೀಳಲಿಲ್ಲ. ಅಜ್ಜ ಕಲ್ಲಿನ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡರು.

ಹದಿನೇಳು ನಿಮಿಷಕ್ಕೆ ತುಂತುರು ಶುರುವಾಯಿತು. ಮಗಳು ಗ್ಲೈಡರನ್ನು ಇಳಿಜಾರಿನ ಕೆಳಗಿನಿಂದ ಮೇಲ್ಮುಖವಾಗಿ ತಂದು, ನೆಲ ಹತ್ತಿರ ಬಂದಾಗ ಮೂಗು ಒಂದು ಚೂರು ಎತ್ತಿ, ಅಜ್ಜನ ಕಾಲಿನಿಂದ ಎರಡು ಮಾರು ದೂರದಲ್ಲಿ ಹುಲ್ಲಿನ ಮೇಲೆ ಕೂರಿಸಿದಳು. ಅಜ್ಜ ಎದ್ದು ಹೋಗಿ ಅದನ್ನು ಎತ್ತಿಕೊಂಡು, ಟವೆಲಿನಿಂದ ರೆಕ್ಕೆಯ ಮೇಲಿನ ನೀರು ಒರೆಸಿದರು. ಕಬ್ಬಿನ ಗರಿ ಕೊಯ್ದ ಜಾಗದಲ್ಲಿ ನಾವು ಅಂಟಿಸಿದ್ದ ಹೊಸ ಟೇಪನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿದರು. “ಇನ್ನೊಂದ್ ಸಲ ಬಿಡಾನ್ವಾ?” ಅಂದರು. ಸೆಲ್ಲಿನಲ್ಲಿ ಇನ್ನೂ ಚಾರ್ಜು ಇತ್ತು. ರೈಲಿಗೆ ಎರಡು ಗಂಟೆ ಇತ್ತು.